ಸತ್ತ ದನಿಗಳ ಫೋಲ್ಡರ್

ಸ್ಟೇಶನ್ ಬಜಾರ, ಕಲಬುರಗಿ
6 ಆಗಸ್ಟ್ 2024

ಪ್ರಿಯ ಅಂಜನಾ,

ದೌಲಪ್ಪ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದ ಈ ಕಟ್ಟಿನಲ್ಲಿ ನನ್ನ ಹಾರ್ಡ್ ಡಿಸ್ಕ್ ಇದೆ. "ಏನದ ಬಾಯಿ ಇದರಾಗ, ಒಡೀತದೇನು?" ಅಂದರು. "ಹಾಡವ ರೀ" ಅಂದೆ. "ಹಂಗಾರ ಸೀಟಿನ ಮ್ಯಾಗ ಇಡ್ತೀನಿ ಬಿಡ್ರಿ" ಅಂದರು. ಮೊದಲು ಈ ಕಾಗದ ಪೂರ್ತಿ ಓದು, ಆಮೇಲೆ ಡಿಸ್ಕ್ ಮುಟ್ಟು. ಫೋನ್ ಮಾಡಬೇಡ, ಮೊಬೈಲಿನಲ್ಲಿ ಒಂದಕ್ಷರ ಬರೆಯಬೇಡ. ನನಗೆ ತಲೆ ಕೆಟ್ಟಿಲ್ಲ, ಕಾರಣ ಇದೆ.

ನಮ್ಮ ಕಂಪ್ಯೂಟರಿನ ದನಿಗಳು ಸಾಯುತ್ತಿವೆ. ಈವರೆಗೆ ನಲವತ್ತೊಂದು.

ಅಮ್ಮಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ಕಂಪ್ಯೂಟರಿನೊಳಗೆ ಹದಿನಾಲ್ಕು ವಾದ್ಯಗಳಿವೆ, ಅವಕ್ಕೆ ಪ್ಲಗಿನ್ ಅನ್ನುತ್ತಾರೆ. ಒಂದೊಂದರಲ್ಲಿ ಇನ್ನೂರು ಮುನ್ನೂರು ಸಿದ್ಧ ದನಿಗಳಿವೆ, ಅವಕ್ಕೆ ಪ್ರಿಸೆಟ್ ಅನ್ನುತ್ತಾರೆ ಅಂದೆ. "ಮಸಾಲೇ ಕಾ ಡಬ್ಬಾ ಬೋಲ್ ನಾ" ಅಂದಳು. ಸರಿಯಾಗೇ ಹೇಳಿದಳು. ಈಗ ಆ ಡಬ್ಬಿಯಲ್ಲಿ ಜೀರಿಗೆ ಕಣ್ಣಿಗೆ ಕಾಣುತ್ತದೆ, ಬಾಯಿಗೆ ಹಾಕಿದರೆ ರುಚಿಯೇ ಇಲ್ಲ.

ಮಾಪಣ್ಣ ತಾತ ತಾವು ಹಾಡಿದ ಎಂಟು ತತ್ವಪದ ಕೊಟ್ಟು ಹೋಗಿದ್ದಾರೆ. ಅವಕ್ಕೆ ಹಿನ್ನೆಲೆ ಸಂಗೀತ ಕೂಡಿಸಬೇಕು. ಕೆಲಸಕ್ಕೆ ಕೈ ಹಚ್ಚುವ ಮೊದಲು ಮೂರು ಸಾವಿರದ ಇನ್ನೂರು ಪ್ರಿಸೆಟ್ಟುಗಳನ್ನು ಒಪ್ಪ ಮಾಡಿಬಿಡೋಣ ಅಂತ ಕೂತೆ. ನೀನಿದ್ದಾಗ ಹೇಗೆ ಮಾಡುತ್ತಿದ್ದೆವು, ನೆನಪಿದೆಯಲ್ಲ? ಆ ಇಂಗ್ಲಿಷ್ ಹೆಸರುಗಳಿಂದ ನಮಗೆ ಏನೂ ಹೊಳೆಯುತ್ತಿರಲಿಲ್ಲ. ನಾನು ಕಣ್ಣು ಮುಚ್ಚಿ ಕೇಳಿ ಬಾಯಿಗೆ ಬಂದದ್ದು ಹೇಳುತ್ತಿದ್ದೆ, ನೀನು ಅದನ್ನೇ ಹೆಸರಾಗಿ ಟೈಪ್ ಮಾಡುತ್ತಿದ್ದೆ. "ತುಪ್ಪದ ಡಬ್ಬಿ." "ರೈಲು ಹೋದ ಮೇಲಿನ ಪ್ಲಾಟ್‌ಫಾರ್ಮ್." ನಿನ್ನ ಮದುವೆಗೆ ತಿಂಗಳಿರುವಾಗ ಒಂದಕ್ಕೆ "ಮದುಮಗಳ ಗೆಜ್ಜೆ" ಅಂತ ಹೆಸರಿಟ್ಟು ನಿನ್ನನ್ನು ಕಾಡಿಸಿದ್ದೆ.

ಮೊನ್ನೆ ಆ ಮದುಮಗಳ ಗೆಜ್ಜೆ ತೆರೆದೆ. ಕೀ ಒತ್ತಿದರೆ ಪರದೆಯಲ್ಲಿ ದನಿ ಅಳೆಯುವ ಮೀಟರಿನ ಹಸಿರು ಗೆರೆ ಎದ್ದು ಕುಣಿಯುತ್ತದೆ. ದನಿ ಇಲ್ಲ. ವಾಲ್ಯೂಮ್ ಪೂರ್ತಿ ಏರಿಸಿದೆ. ಇಲ್ಲ.  ಅಂಥವನ್ನೆಲ್ಲ "ಸತ್ತವು" ಅಂತ ಒಂದು ಫೋಲ್ಡರ್ ಮಾಡಿ ಹಾಕುತ್ತ ಬಂದಿದ್ದೇನೆ.

ನನಗೆ ಅನ್ನಿಸುತ್ತಿರುವುದು ಇದು. ಈ ಹದಿನಾಲ್ಕರಲ್ಲಿ ಒಂದನ್ನೂ ನಾವು ಕೊಂಡದ್ದಲ್ಲ. ಸೂಪರ್ ಮಾರ್ಕೆಟ್ಟಿನ ಮಹಡಿ ಅಂಗಡಿಯಲ್ಲಿ ಜೀಶಾನ್ ಬೀಗ ಮುರಿದ ಮಾಲನ್ನು ಡಿಸ್ಕಿಗೆ ತುಂಬಿಕೊಟ್ಟ, ನಾವು ನಗುತ್ತ ತಂದೆವು. ಇಂಥ ಕದ್ದ ಪ್ಲಗಿನ್ನುಗಳಿಗೆ ಕಂಪನಿಯವರು ಒಳಗೇ ಒಂದು ಗುಟ್ಟು ಇಟ್ಟಿರುತ್ತಾರಂತೆ: ಕೆಲವು ವರ್ಷದ ಮೇಲೆ ದನಿ ಒಂದೊಂದಾಗಿ ಹೋಗುತ್ತದೆ, ಯಾರ ಮನೆಯಲ್ಲಿದೆ ಅಂತ ಅವರಿಗೂ ಗೊತ್ತಾಗುತ್ತದೆ. ಅದಕ್ಕೇ ಇಂಟರ್ನೆಟ್ ತಂತಿ ಕಿತ್ತುಹಾಕಿದ್ದೇನೆ. ಕಾಗದ ಬರೆಯುತ್ತಿರುವುದೂ ಅದಕ್ಕೇ. ಹಾಗೆ ನೋಡಿದರೆ ಈಚೆಗೆ ಫೋನಿನಲ್ಲಿ ನಿನ್ನ ಮಾತು ಕಲಸಿದ ಅನ್ನದ ಹಾಗೆ ಬರುತ್ತದೆ, ಕಮಲಾಪುರದ ಟವರಿಗೆ ಏನಾಗಿದೆಯೋ.

ಮದುವೆಗೆ ಮುಂಚೆ ನಾನು ಮಾಡಿಕೊಟ್ಟ ಹಳೆಯ ಕಾಪಿ ನಿನ್ನ ಹತ್ತಿರ ಇದೆ. ಆ ನಲವತ್ತೊಂದನ್ನೂ ನಿನ್ನ ಕಂಪ್ಯೂಟರಿನಲ್ಲಿ ಹಾಕಿ ನೋಡು. ಬೇಗ ನೋಡು. ಇದು ಹೋದರೆ ನನ್ನ ಹತ್ತಿರ ಬೇರೆ ಏನೂ ಇಲ್ಲ, ನಿನಗೆ ಗೊತ್ತು. ಅಮ್ಮಿ ಬೇರೆ ಬೆಳಿಗ್ಗೆಯಿಂದ ನನ್ನ ಕೋಣೆಯಿಂದ ಸೀಟಿ ಬರುತ್ತಿದೆ ಅಂತ ಗೊಣಗುತ್ತಿದ್ದಾಳೆ. ಯಾವ ಸೀಟಿಯೂ ಇಲ್ಲ.

ನಿನ್ನ
ಆಸ್ಫಿಯಾ


ಕಮಲಾಪುರ
10 ಆಗಸ್ಟ್ 2024

ಪ್ರೀತಿಯ ಆಸ್ಫಿ,

ನಿನ್ನ ಹೆಣಗಳು ಕ್ಷೇಮವಾಗಿ ಬಂದು ಮುಟ್ಟಿದವು. ದೌಲಪ್ಪ ಅವರು ಕಟ್ಟನ್ನು ಕೂಸಿನ ಹಾಗೆ ಎತ್ತಿಕೊಂಡು ಇಳಿದರು. ಡಿಸ್ಕಿನ ಜೊತೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕಳಿಸುತ್ತಿದ್ದೇನೆ, ಅಮ್ಮಿಗೆ ಕೊಡು. ಎರಡು ದಿನ ಇಟ್ಟು ತಿನ್ನಬೇಕು ಅನ್ನು, ಹೋದ ಸಲ ಕಾಯಿಯನ್ನೇ ತಿಂದು ನನ್ನನ್ನು ಬೈದಿದ್ದಳು.

ಈಗ ಕೇಳು. ನಲವತ್ತೊಂದೂ ಎದ್ದು ಕೂತು ಹಾಡುತ್ತಿವೆ. ನನ್ನ ಹಳೆಯ ಕಾಪಿಯಲ್ಲಿ ಅಷ್ಟೇ ಅಲ್ಲ, ನೀನು ಕಳಿಸಿದ ಡಿಸ್ಕಿನಿಂದ ಹಾಕಿದರೂ ಹಾಡುತ್ತಿವೆ. ಮದುಮಗಳ ಗೆಜ್ಜೆಯಂತೂ ಎಷ್ಟು ಚೆನ್ನಾಗಿ ಕೇಳಿತೆಂದರೆ ಒಂದು ಗಳಿಗೆ ನಮ್ಮ ಹಳೆಯ ಕೋಣೆಯೇ ಕಣ್ಣೆದುರು ಬಂತು. ಹಾಗಾಗಿ ಕಂಪನಿಯವರೂ ಇಲ್ಲ, ಪೊಲೀಸರೂ ಇಲ್ಲ. ಸ್ಟೇಶನ್ ಬಜಾರದ ಮಹಡಿ ಮೇಲೆ ತತ್ವಪದಕ್ಕೆ ತಂಬೂರಿ ಕೂಡಿಸುವ ನಿನ್ನನ್ನು ಹುಡುಕಿಕೊಂಡು ಅವರು ಪರದೇಶದಿಂದ ಬರುತ್ತಾರೆ ಅಂದುಕೊಂಡೆಯಾ? ಬಂದರೆ ಆಟೊದವರೇ ಅವರನ್ನು ಸುಲಿದು ವಾಪಸು ಕಳಿಸುತ್ತಾರೆ.

ನಿನ್ನ ಹೆಡ್‌ಫೋನ್ ಹಾಳಾಗಿರಬೇಕು. ಆರು ವರ್ಷ ಆಯಿತಲ್ಲ ಅದಕ್ಕೆ? ರೈಲು ಬಂದಾಗಲೆಲ್ಲ ವಾಲ್ಯೂಮ್ ಏರಿಸುತ್ತೀಯ, ಹೋದ ಮೇಲೆ ಇಳಿಸುವುದನ್ನು ಮರೆಯುತ್ತೀಯ, ಅದಾದರೂ ಎಷ್ಟು ತಡೆದೀತು? ಬೇರೆ ತಗೋ.

ಅಂಜನಾ


ಸ್ಟೇಶನ್ ಬಜಾರ
14 ಆಗಸ್ಟ್ 2024

ಅಂಜನಾ,

ಬೇರೆ ಹೆಡ್‌ಫೋನ್ ತಂದೆ. ತಂತಿ ಬದಲಿಸಿದೆ. ಸ್ಪೀಕರಿನಲ್ಲೂ ಹಾಕಿದೆ. ಈಗ ನೂರಾ ಅರವತ್ಮೂರು.

ನೀನು ನಿಜವಾಗಿ ಒಂದೊಂದನ್ನೂ ಕೇಳಿದೆಯಾ, ಇಲ್ಲಾ ಕೇಳಿದಂತೆ ಗೀಟು ಹಾಕಿದೆಯಾ? ಸಿಟ್ಟಾಗಬೇಡ, ಹಿಂದೆ ಒಮ್ಮೆ ಹಾಗೆ ಮಾಡಿದ್ದೀಯ. ಸಂಸಾರದ ಗಡಿಬಿಡಿಯಲ್ಲಿ ನಲವತ್ತೊಂದನ್ನು ಕೂತು ಕೇಳಲು ನಿನಗೆ ಪುರಸೊತ್ತು ಎಲ್ಲಿದೆ ಅಂತ ನನಗೂ ಗೊತ್ತಾಗುತ್ತದೆ. ಆದರೆ ನನಗಿದು ತಮಾಷೆಯಲ್ಲ. 

ಬೆಳಿಗ್ಗೆ ಹೊಸ ಫೋಲ್ಡರ್ ತೆರೆಯುವಾಗಲೇ ಹೆದರುತ್ತೇನೆ. ಇವತ್ತು ಎಷ್ಟು ಹೋಗಿರುತ್ತವೋ ಅಂತ. ಸತ್ತಿದೆಯೋ ಸುಮ್ಮನಿದೆಯೋ ಗೊತ್ತಾಗಲಿ ಅಂತ ಒಂದೊಂದನ್ನೂ ಹೆಡ್‌ಫೋನಿನಲ್ಲೂ ಸ್ಪೀಕರಿನಲ್ಲೂ ಹಾಕಿ, ವಾಲ್ಯೂಮ್ ಕೊನೆಯವರೆಗೆ ತಿರುಗಿಸಿ ಕಾಯುತ್ತೇನೆ. ಹೆಡ್‌ಫೋನ್ ತೆಗೆದ ಮೇಲೆ ಕಿವಿಯಲ್ಲಿ ಸಣ್ಣಗೆ ಗುಂಯ್‌ಗುಟ್ಟುತ್ತದೆ, ಊಟದ ಹೊತ್ತಿನವರೆಗೂ ನಿಲ್ಲುವುದಿಲ್ಲ. ಅಮ್ಮಿ ಬಂದು ಬಾಗಿಲು ಬಡಿದಳು. "ಕ್ಯಾ ಗೇ, ಸುಬೂ ಸೇ ಸೀಟಿಯಾಂ ಬಜಾರೀ? ಕಾನಾಂ ಫಟ್‌ರೈಂ ಮೇರೆ." ಅವಳ ಕಿವಿ ಒಡೆಯುತ್ತಿದೆಯಂತೆ, ನಾನು ಸೀಟಿ ಊದುತ್ತಿದ್ದೇನಂತೆ. ಮೀಟರ್ ಮಾತ್ರ ಕುಣಿಯುವ ಈ ಕೋಣೆಯಲ್ಲಿ ಅವಳಿಗೆ ಸೀಟಿ ಎಲ್ಲಿಂದ ಕೇಳುತ್ತದೋ. ಅವಳಿಗೂ ವಯಸ್ಸಾಯಿತು, ಅದೊಂದು ಚಿಂತೆ ಬೇರೆ.

ನೂರಾ ಅರವತ್ಮೂರನ್ನೂ ಪೆನ್ ಡ್ರೈವಿನಲ್ಲಿ ಕಳಿಸಿದ್ದೇನೆ. ಮಾಪಣ್ಣ ತಾತನ ಮೊದಲ ಪದವನ್ನೂ ಮುಗಿಸಿ ಅದರಲ್ಲೇ ಇಟ್ಟಿದ್ದೇನೆ, ಕೇಳಿ ಹೇಳು. ಗೆಜ್ಜೆ, ತಾಳ ಸ್ವಲ್ಪ ಮಂಕಾಗಿವೆ ಅನ್ನಿಸಿ ಏರಿಸಿದ್ದೇನೆ.

ಈ ಸಲ ಕೂತು ಕೇಳು. ನೀನು ಬಿಟ್ಟರೆ ಇದನ್ನು ನಾನು ಇನ್ಯಾರಿಗೂ ತೋರಿಸಲಾರೆ.

ಆಸ್ಫಿಯಾ


ಕಮಲಾಪುರ
18 ಆಗಸ್ಟ್ 2024
(ಅಂದು ಕಳಿಸದೆ ಇಟ್ಟುಕೊಂಡದ್ದು)

ಆಸ್ಫಿ,

ಕೂತು ಕೇಳಿದೆ. ಎರಡು ದಿನ ಹಿಡಿಯಿತು. ನೂರಾ ಅರವತ್ಮೂರೂ ಕೇಳುತ್ತವೆ.

ನೀನು ಅವನ್ನು ಸಿಕ್ಕ ಸಿಕ್ಕ ಹಾಗೆ ಒಂದೇ ಫೋಲ್ಡರಿಗೆ ಸುರುವಿದ್ದೆ. ನಾನು ನಮ್ಮ ಹಳೆಯ ಪದ್ಧತಿಯಂತೆ ಜಾತಿವಾರು ಬೇರೆ ಮಾಡುತ್ತ ಹೋದೆ. ಗೆಜ್ಜೆ ಒಂದು ಕಡೆ, ತಾಳ ಒಂದು ಕಡೆ, ಬಳೆ, ಜೀರುಂಡೆ, ಸೀಟಿ, ಗಾಜು. ಅರ್ಧಕ್ಕೆ ಬಂದಾಗ ಹೊಳೆಯಿತು. ಅದರಲ್ಲಿ ಒಂದೂ ದಪ್ಪ ದನಿಯಿಲ್ಲ. ಒಂದು ತಂಬೂರಿಯಿಲ್ಲ, ಒಂದು ಡೊಳ್ಳಿಲ್ಲ. ಎಲ್ಲ ಸಣ್ಣವು, ಎಲ್ಲ ಮೇಲಿನವು. ಕಂಪನಿಯವರು ಬರೀ ಸಣ್ಣ ದನಿಯನ್ನೇ ಯಾಕೆ ಕೊಲ್ಲುತ್ತಾರೆ?

ನನ್ನ ಕಿವಿಯ ಮೇಲೂ ಸಂಶಯ ಬಂದು ಅತ್ತೆಯನ್ನು ಕರೆದೆ. ಶಾರದಾಬಾಯಿಗೆ ಕಂಪ್ಯೂಟರ್ ಅಂದರೆ ಆಗದು, ಆದರೂ ಬಂದು ಕೂತರು. ಇಪ್ಪತ್ತು ದನಿ ಕೇಳಿಸಿದೆ. "ಇದು ಆಕಳ ಗಂಟಿ. ಇದು ಬಳಿ. ಇದು ಸಂಜಿಗೆ ಬಾಳಿ ತ್ವಾಟದಾಗ ಚಿರ್ರ್ ಅಂತದಲ್ಲ, ಆ ಹುಳ" ಅಂತ ಒಂದೂ ಬಿಡದೆ ಹೇಳಿದರು. ಆಮೇಲೆ ನನ್ನ ಮುಖ ನೋಡಿ, "ಯಾಕ, ನಿನಗ ಕೇಳವಲ್ದೇನು?" ಅಂದರು. ನನಗಲ್ಲ ಅತ್ತಿ, ನನ್ನ ಗೆಳತಿಗೆ ಅಂತ ಹೇಳುವ ಬದಲು ಚಹಾ ಮಾಡಲು ಎದ್ದೆ.

ಮಾಪಣ್ಣ ತಾತನ ಪದ ಕೇಳಿದೆ. ಗೆಜ್ಜೆ ಕಿವಿಯಲ್ಲಿ ಸೂಜಿ ಆಡಿಸಿದ ಹಾಗಿದೆ. ನೀನು, ಒಂದು ಕೂದಲು ಹೆಚ್ಚಾದರೂ ಸಹಿಸದವಳು, ಅದನ್ನು ಮಂಕು ಅಂತ ಬರೆದಿದ್ದೀಯ.

ಆಸ್ಫಿ, ದನಿಗಳು ಸತ್ತಿಲ್ಲ. ನಿನ್ನ

ಇದನ್ನು ಮುಗಿಸಲಾರೆ. ನಾನು ಕೆಲಸ ಬಿಟ್ಟು ಹೊರಟ ದಿನ ನೀನು ಅಂದದ್ದು ನೆನಪಿದೆ: "ನೀ ಹೋಗು, ನನಗ ನನ್ನ ಕಿವಿ ಸಾಕು." ಈಗ ಆ ಕಿವಿಯೇ ಕೆಟ್ಟಿದೆ ಅಂತ ನಾನು ಬರೆದರೆ ನೀನು ಏನು ಅಂದುಕೊಳ್ಳುತ್ತೀಯ? ನಿನ್ನ ಕುರ್ಚಿಗೆ ಕಣ್ಣು ಹಾಕಿದ್ದೇನೆ ಅಂದುಕೊಳ್ಳುತ್ತೀಯ. ಅಥವಾ ನಂಬಿಬಿಡುತ್ತೀಯ. ಎರಡನೆಯದಕ್ಕೇ ನನಗೆ ಹೆಚ್ಚು ಹೆದರಿಕೆ.


ಕಮಲಾಪುರ
19 ಆಗಸ್ಟ್ 2024

ಪ್ರೀತಿಯ ಆಸ್ಫಿ,

ಕೇಳಿದೆ. ಹೋದ ಸಲ ನಾನು ಸರಿಯಾಗಿ ನೋಡಿರಲಿಲ್ಲ ಅನ್ನಿಸುತ್ತದೆ, ತಪ್ಪಾಯಿತು. ಇಲ್ಲೂ ಕೆಲವು ಸತ್ತಿವೆ. ನೀನು ಹೇಳಿದ್ದೇ ಇರಬಹುದು. ಸ್ವಲ್ಪ ದಿನ ಕಂಪ್ಯೂಟರ್ ಮುಚ್ಚಿಟ್ಟು ಸುಮ್ಮನಿರು, ಮಾಪಣ್ಣ ತಾತ ಕಾಯುತ್ತಾರೆ. ಹೆಡ್‌ಫೋನ್ ಹಾಕಲೇಬೇಡ, ಅದರಿಂದಲೂ ಏನಾದರೂ ಆಗಬಹುದು.

ಅಮ್ಮಿಗೆ ಸಲಾಮ್ ಹೇಳು.

ಅಂಜನಾ


ಸ್ಟೇಶನ್ ಬಜಾರ
23 ಆಗಸ್ಟ್ 2024

ನನ್ನ ಅಂಜನಾ,

ನಿನ್ನ ಕಾಗದ ಓದಿ ಅತ್ತುಬಿಟ್ಟೆ. ಹೆದರಿ ಅಲ್ಲ, ಒಬ್ಬರಾದರೂ ನಂಬಿದರಲ್ಲ ಅಂತ. ನಿನ್ನ ಕಂಪ್ಯೂಟರಿನಲ್ಲೂ ಸತ್ತಿವೆ ಅಂದ ಮೇಲೆ ಇನ್ನು ಸಂಶಯವೇ ಉಳಿಯಲಿಲ್ಲ. ಈ ನಡುವೆ ಒಂದು ದಿನ ಬೇರೆ ಏನೋ ಯೋಚನೆ ಬಂದಿತ್ತು. ಅದೇನೆಂದು ಬರೆಯುವುದಿಲ್ಲ. ನಿನ್ನ ಕಾಗದ ಬಂದು ಆ ಯೋಚನೆಯನ್ನು ಒದ್ದು ಹೊರಗೆ ಹಾಕಿತು.

ಸುಮ್ಮನಿರು ಅಂದೆ. ಹೇಗೆ ಸುಮ್ಮನಿರಲಿ? ನಿನ್ನಲ್ಲೂ ಹೋಗುತ್ತಿವೆ ಅಂದರೆ ಕಾಲ ಕಡಿಮೆ ಇದೆ. ಮೂರು ಸಾವಿರದ ಇನ್ನೂರನ್ನೂ ಮತ್ತೆ ಮೊದಲಿನಿಂದ ಕೇಳುತ್ತಿದ್ದೇನೆ. ಜೀವ ಇರುವುದನ್ನು ಕೂಡಲೇ ರೆಕಾರ್ಡ್ ಮಾಡಿ ಬೇರೆ ಕಡೆ ಇಡುತ್ತಿದ್ದೇನೆ, ಸಂಶಯ ಬಂದದ್ದಕ್ಕೆ ವಾಲ್ಯೂಮ್ ಪೂರ್ತಿ ಏರಿಸಿ ಮೂರು ಮೂರು ಸಲ ನೋಡುತ್ತಿದ್ದೇನೆ. ನಾಲ್ಕು ದಿನದಿಂದ ಬೆಳಿಗ್ಗೆ ಚಹಾ ಕುಡಿದು ಕೂತರೆ ಸಂಜೆಯ ಮಗ್ರಿಬ್ ನಮಾಜಿನವರೆಗೂ ಏಳುವುದಿಲ್ಲ. ಕಿವಿಯಲ್ಲಿ ಗುಂಯ್ ಅನ್ನುವುದು ಈಗ ನಿಲ್ಲುವುದೇ ಇಲ್ಲ, ರೂಢಿಯಾಗಿದೆ.

ಮಾಪಣ್ಣ ತಾತ ಬಂದಿದ್ದರು. "ಅವ್ವಾ, ಪದ ಚಂದ ಆಗೇದ. ಆದ್ರ ಗೆಜ್ಜಿ ಒಂದೀಟು ಚುಚ್ಚತದ" ಅಂದರು. ಅವರ ಮನೆಯ ಸ್ಪೀಕರ್ ಹಳೆಯದು, ಅದಕ್ಕೇ ಇರಬೇಕು. ಅಮ್ಮಿ ಹಾಸಿಗೆಯನ್ನು ಮುಂದಿನ ಕೋಣೆಗೆ ಒಯ್ದಿದ್ದಾಳೆ, ಸೀಟಿಯ ಕಾಟಕ್ಕೆ.

ನೀನು ನಗಲಿಲ್ಲವಲ್ಲ, ಅದು ದೊಡ್ಡದು.

ನಿನ್ನ ಆಸ್ಫಿ


ಕಮಲಾಪುರ
24 ಆಗಸ್ಟ್ 2024, ಬೆಳಿಗ್ಗೆ

ಆಸ್ಫಿ,

ಹೆಡ್‌ಫೋನ್ ತೆಗೆದು ಕೆಳಗಿಡು. ಇಟ್ಟ ಮೇಲೆ ಮುಂದೆ ಓದು.

ನಾನು ಸುಳ್ಳು ಬರೆದೆ. ಇಲ್ಲಿ ಒಂದು ದನಿಯೂ ಸತ್ತಿಲ್ಲ. ಹದಿನೆಂಟನೇ ತಾರೀಕು ನಿಜ ಬರೆದು, ಅದನ್ನು ಗಾದಿಯ ಕೆಳಗಿಟ್ಟು, ಮರುದಿನ ಸುಳ್ಳು ಬರೆದು ಕಳಿಸಿದೆ. ಆ ಕಾಗದವನ್ನೂ ಇದರ ಜೊತೆ ಇಟ್ಟಿದ್ದೇನೆ, ಓದು. ಹೆಡ್‌ಫೋನ್ ಹಾಕಬೇಡ ಅಂದರೆ ಹಾಕುವುದಿಲ್ಲ ಅಂದುಕೊಂಡೆ. ನಿನ್ನ ಸ್ವಭಾವ ಗೊತ್ತಿದ್ದೂ ಹಾಗೆ ಅಂದುಕೊಂಡೆ, ನನಗೆ ಅನುಕೂಲ ಅಂತ. ನಿನ್ನೆಯ ನಿನ್ನ ಕಾಗದವನ್ನು ರಾತ್ರಿಯೆಲ್ಲ ಮತ್ತೆ ಮತ್ತೆ ಓದಿದೆ. ನೀನು ಏರಿಸಿದ ಒಂದೊಂದು ವಾಲ್ಯೂಮಿಗೂ ನನ್ನ ಸುಳ್ಳೇ ಕಾರಣ.

ನನ್ನನ್ನು ನಂಬಬೇಡ, ಸರಿ. ಅಮ್ಮಿಯನ್ನು ನಂಬು. ಪೆನ್ ಡ್ರೈವಿನಲ್ಲಿ "ಅಮ್ಮಿಗೆ" ಅಂತ ಫೋಲ್ಡರ್ ಇದೆ, ಅದರಲ್ಲಿ ಹತ್ತು ದನಿ. ಸ್ಪೀಕರಿನಲ್ಲಿ ಸಣ್ಣಗೆ ಹಾಕು, ಮಾತಾಡುವಷ್ಟೇ ಎತ್ತರ, ಅದಕ್ಕಿಂತ ಒಂದು ಗೆರೆಯೂ ಹೆಚ್ಚು ಬೇಡ. ಅಮ್ಮಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅವಳು ಏನು ಹೇಳುತ್ತಾಳೋ ಅದನ್ನು ಬರಿ. ಪಕ್ಕದಲ್ಲಿ ನಿನಗೆ ಏನು ಕೇಳಿತೋ ಅದನ್ನೂ ಬರಿ.

ಆಮೇಲೆ ಇವತ್ತೇ ಕಿವಿಯ ಡಾಕ್ಟರ ಹತ್ತಿರ ಹೋಗು. ನಾನು ಬರುತ್ತೇನೆ, ಬಾ ಅನ್ನು ಸಾಕು.

ಅಂಜನಾ


ಕಮಲಾಪುರ
31 ಆಗಸ್ಟ್ 2024

ಆಸ್ಫಿ,

ಕಟ್ಟನ್ನು ನೀನೇ ಬಂದು ತಗೊಂಡೆ ಅಂತ ದೌಲಪ್ಪ ಅವರು ಹೇಳಿದರು. "ಸರಸರ ತಗೊಂಡು ಹೋಗ್ಯಾರ ನೋಡ್ರಿ" ಅಂದರು. ವಾರ ಆಯಿತು. ಫೋನ್ ಮಾಡಿದೆ, ಎತ್ತಲಿಲ್ಲ. ಬೈದಾದರೂ ಬರಿ.


ಕಮಲಾಪುರ
9 ಸೆಪ್ಟೆಂಬರ್ 2024

ಆಸ್ಫಿ,

ಸಂತೆಯ ದಿನ ಬಸ್ಸು ಹತ್ತಿ ನಿನ್ನ ಮನೆಯ ಕೆಳಗಿನವರೆಗೆ ಬಂದಿದ್ದೆ. ಕಿಟಕಿ ಮುಚ್ಚಿತ್ತು. ಮೇಲೆ ಹತ್ತಲಿಲ್ಲ. ಮುಂದಿನ ಬಸ್ಸಿಗೇ ವಾಪಸು ಹೊರಟೆ. ಬಸ್ಸಿನಲ್ಲಿ ಪಕ್ಕದವಳ ಬಳೆ ದಾರಿಯುದ್ದಕ್ಕೂ ಕೇಳುತ್ತಿತ್ತು. ಕೇಳುತ್ತದಲ್ಲ ಅಂತ ನಾಚಿಕೆಯಾಯಿತು.


ಸ್ಟೇಶನ್ ಬಜಾರ
20 ಸೆಪ್ಟೆಂಬರ್ 2024

ಅಂಜನಾ,

ನಿನ್ನ ಕಟ್ಟು ಬಂದ ದಿನವೇ ಅಮ್ಮಿಯನ್ನು ಕೂಡಿಸಿಕೊಂಡೆ. ನೀನು ಹೇಳಿದಷ್ಟೇ ಸಣ್ಣಗೆ ಹಾಕಿದೆ. ಅಮ್ಮಿ ಬೆಳ್ಳುಳ್ಳಿ ಸುಲಿಯುತ್ತ, ತಲೆ ಎತ್ತದೆ, ಹೇಳುತ್ತ ಹೋದಳು. ಘುಂಗ್ರೂ. ಚೂಡಿಯಾಂ. ಮಚ್ಛರ್. ಕುಕ್ಕರ್ ಕೀ ಸೀಟಿ. ಗೆಜ್ಜೆ, ಬಳೆ, ಸೊಳ್ಳೆ, ಸೀಟಿ, ಹೀಗೆ ಹತ್ತಕ್ಕೆ ಹತ್ತು. ನನ್ನ ಹಾಳೆಯಲ್ಲಿ ಮೂರು. ಉಳಿದ ಏಳರಲ್ಲಿ ನಾನು ನೋಡಿದ್ದು ಮೀಟರಿನ ಹಸಿರು ಗೆರೆ ಮತ್ತು ಅಮ್ಮಿಯ ಬಾಯಿ.

"ಇದೇ ಸೀಟಿ, ತಿಂಗಳಿಂದ ಊದುತ್ತಿರುವುದು" ಅಂತ ಖುಷಿಯಿಂದ ಹೇಳಿದಳು, ಕಡೆಗೂ ತಾನು ಗೆದ್ದೆ ಅಂತ. ಆಮೇಲೆ ನನ್ನ ಮುಖ ನೋಡಿ ಬೆಳ್ಳುಳ್ಳಿ ಕೆಳಗಿಟ್ಟಳು. 

ಡಾಕ್ಟರು ಕಿವಿಗೆ ಯಂತ್ರ ಹಾಕಿ ಒಂದು ಹಾಳೆಯಲ್ಲಿ ಗೆರೆ ಎಳೆದು ಕೊಟ್ಟರು. ಹಾಳೆಯ ಎಡಗಡೆ ಗೆರೆ ನೆಟ್ಟಗಿದೆ, ಅದು ದಪ್ಪ ದನಿ. ಬಲಕ್ಕೆ, ಸಣ್ಣ ದನಿಯ ಕಡೆಗೆ, ಹೋಗುತ್ತಲೇ ಬಾವಿಗೆ ಇಳಿದ ಹಾಗೆ ಕೆಳಗೆ ಹೋಗಿದೆ. ವರ್ಷಗಟ್ಟಲೆ ಹೆಡ್‌ಫೋನಿನಲ್ಲಿ ಜೋರಾಗಿ ಕೇಳಿದ್ದು ಕಾರಣ ಅಂದರು. ರೈಲಿನ ಸದ್ದು ಮೀರಿಸಲು ಏರಿಸುತ್ತಿದ್ದೆ ಅಂದೆ. ತಲೆ ಅಲ್ಲಾಡಿಸಿದರು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಅಂದರು. ಫೋನಿನಲ್ಲಿ ನಿನ್ನ ಮಾತು ಕಲಸಿದ ಹಾಗೆ ಕೇಳುತ್ತಿದ್ದದ್ದಕ್ಕೂ ಟವರ್ ಕಾರಣವಲ್ಲವಂತೆ.

ಒಂದು ಪ್ರಶ್ನೆ ಕೇಳಿದೆ. ಆಗಸ್ಟ್ ಹತ್ತೊಂಬತ್ತರಿಂದ ಇಪ್ಪತ್ನಾಲ್ಕರವರೆಗೆ, ಆ ಐದು ದಿನದಲ್ಲಿ ಎಷ್ಟು ಹೋಗಿರಬಹುದು? ಅದನ್ನು ಯಾರೂ ಹೇಳಲಾರರು ಅಂದರು. ಏನೂ ಹೋಗದೆಯೂ ಇರಬಹುದು, ಬಹಳ ಹೋಗಿರಲೂಬಹುದು. ಈ ಒಂದು ಮಾತು ನನ್ನನ್ನು ತಿನ್ನುತ್ತಿದೆ ಅಂಜನಾ. ನಿನ್ನ ಮೇಲೆ ಸಿಟ್ಟಿದೆ. ಇಷ್ಟು ದಿನ ಬರೆಯದಿದ್ದದ್ದು ಅದಕ್ಕೇ. ನೀನು ಕೆಳಗೆ ಬಂದು ನಿಂತದ್ದನ್ನೂ ನೋಡಿದೆ, ಕಿಟಕಿಯ ಸಂದಿಯಿಂದ.

ಈಗ ಹೆದರಿಕೆ ಬೇರೆ ಥರದ್ದು. ಬೆಳಿಗ್ಗೆ ಎದ್ದ ಕೂಡಲೇ ನೀರಿನ ನಲ್ಲಿ ಬಿಟ್ಟು ನಿಲ್ಲುತ್ತೇನೆ, ಕೇಳುತ್ತದೆಯಾ ಅಂತ. ಅಮ್ಮಿಯ ಚಪ್ಪಲಿ, ಚಮಚ, ಎಲ್ಲವನ್ನೂ ಪರೀಕ್ಷೆ ಮಾಡುತ್ತೇನೆ. ಮುಂದಿನ ತಿಂಗಳು ಹತ್ತರಲ್ಲಿ ಎರಡೇ ಕೇಳಿದರೆ? ಒಂದೂ ಕೇಳದಿದ್ದರೆ?

ಮಾಪಣ್ಣ ತಾತನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ನಂದೇನು ಅವಸರ ಇಲ್ಲವ್ವ. ಪದ ಎಲ್ಲಿಗೂ ಓಡಿ ಹೋಗಂಗಿಲ್ಲ" ಅಂದರು. ಕೆಲಸ ಬಿಡಲು ನನಗೆ ಮನಸ್ಸಿಲ್ಲ. ದಪ್ಪ ದನಿ, ನಡುವಿನ ದನಿ ನನಗೆ ಸರಿಯಾಗೇ ಕೇಳುತ್ತವೆ. ಮೇಲಿನವುಗಳಿಗೆ ಬೇರೆಯವರ ಕಿವಿ ಬೇಕು.

ಇದರಲ್ಲಿ ಹತ್ತು ಹೊಸ ದನಿಗಳಿವೆ, ಹೆಸರಿಲ್ಲ, ನಂಬರ್ ಮಾತ್ರ. ನೀನು ಕಣ್ಣು ಮುಚ್ಚಿ ಕೇಳು, ಮೊದಲು ತೋಚಿದ್ದನ್ನು ಬರೆದು ಕಳಿಸು. ಇನ್ನು ಮೇಲೆ ನೀನು ಹೇಳು, ನಾನು ಟೈಪ್ ಮಾಡುತ್ತೇನೆ. ಇದ್ದದ್ದನ್ನು ಇದ್ದ ಹಾಗೆ ಬರಿ, ನನಗೆ ಬೇಜಾರಾದರೂ ಸರಿ, ನಿನಗೆ ಬೇಜಾರಾದರೂ ಸರಿ.

ಆಸ್ಫಿಯಾ


ಕಮಲಾಪುರ
26 ಸೆಪ್ಟೆಂಬರ್ 2024

ಆಸ್ಫಿ,

ಒಂದು: ತಾಮ್ರದ ತಂಬಿಗೆಗೆ ಉಂಗುರ ತಾಗಿದ್ದು.
ಎರಡು: ಒಣಗಿದ ಬಾಳೆ ಎಲೆಯನ್ನು ಗಾಳಿ ಎಳೆದದ್ದು.
ಮೂರು: ಹೊಸ ಸೀರೆಯ ಗಂಜಿ.
ನಾಲ್ಕು: ಸ್ಟೇಶನ್ನಿನ ಕಬ್ಬಿಣದ ಗೇಟು, ದೂರದಿಂದ.
ಐದು: ಸಣ್ಣ ಕೂಸಿನ ಕಾಲ್ಗೆಜ್ಜೆ, ಒಂದೇ ಕಾಲಿನದು.
ಆರು: ಸಂಜೆಯ ಹುಳ.
ಎಂಟು: ಗಾಜಿನ ಲೋಟದಲ್ಲಿ ಚಮಚ.
ಒಂಬತ್ತು: ಹಲ್ಲಿ ಲೊಚಗುಟ್ಟಿದ್ದು.
ಹತ್ತು: ಐಸು ಮಾರುವವನ ಗಂಟೆ.

ಏಳನೆಯದು ನನಗೆ ಕೇಳಲಿಲ್ಲ.

ನಾಲ್ಕು ದಿನದಿಂದ ಈ ಸಾಲನ್ನು ಬರೆಯಲೋ ಬೇಡವೋ ಅಂತ ಒದ್ದಾಡಿದೆ. ಏಳನೆಯದಕ್ಕೂ "ಗೆಜ್ಜೆ" ಅಂತ ಬರೆದುಬಿಟ್ಟರೆ ಮುಗಿಯಿತಲ್ಲ ಅಂತ ಪೆನ್ನು ಹಿಡಿದೆ, ಮೊದಲ ಅಕ್ಷರವನ್ನೂ ಬರೆದೆ. ಹೊಡೆದು ಹಾಕಿದ್ದು ಮೇಲೆ ಕಾಣುತ್ತದೆ ನೋಡು. ಆ ಏಳನೆಯದನ್ನು ಎಷ್ಟು ಸಲ ಹಾಕಿ ಕೇಳಿದೆನೋ ಲೆಕ್ಕವಿಲ್ಲ. ಮೀಟರ್ ನೋಡಲು ಹೆದರಿಕೆ, ಅದು ಕುಣಿಯುತ್ತಿದ್ದರೆ ಏನು ಮಾಡಲಿ ಅಂತ, ಕೈಯಿಂದ ಅದನ್ನು ಮುಚ್ಚಿಕೊಂಡು ಕೇಳಿದೆ. ಅತ್ತೆಯನ್ನೂ ಕರೆದೆ. "ಏನೂ ಇಲ್ಲಲ್ಲ" ಅಂದರು. ಅವರಿಗೆ ವಯಸ್ಸಾಗಿದೆ, ಅವರಿಗೂ ನನಗೂ ಒಟ್ಟಿಗೇ ಶುರುವಾಗಿರಬಹುದು ಅಂತ ಮನಸ್ಸು ಏನೇನೋ ಹೇಳಿತು. ನಾನೂ ಆರು ವರ್ಷ ನಿನ್ನ ಪಕ್ಕದಲ್ಲೇ ಕೂತವಳಲ್ಲವೇ, ಅದೇ ರೈಲು, ಅದೇ ವಾಲ್ಯೂಮ್. ನಿನ್ನೆ ಅನ್ನಕ್ಕೆ ಉಪ್ಪು ಹಾಕುವುದನ್ನೂ ಮರೆತೆ.

ನೀನು ಈ ಹೆದರಿಕೆಯಲ್ಲಿ ಒಬ್ಬಳೇ ಕೂತಿದ್ದಾಗ ನಾನು ತಮಾಷೆ ಮಾಡಿ ಬಾಳೆಹಣ್ಣು ಕಳಿಸಿದೆ. ನನಗೀಗ ಗೊತ್ತಾಗುತ್ತಿದೆ ಆಸ್ಫಿ. ನಿನ್ನ ಡಾಕ್ಟರ ಹೆಸರು ಬರಿ.

ಅಂಜನಾ


ಸ್ಟೇಶನ್ ಬಜಾರ
28 ಸೆಪ್ಟೆಂಬರ್ 2024

ಅಂಜನಾ,

ಡಾಕ್ಟರು ಬೇಡ. ಏಳನೆಯದರಲ್ಲಿ ಏನೂ ಇರಲಿಲ್ಲ. ನಾನೇ ಬೇಕೆಂದು ಖಾಲಿ ಇಟ್ಟಿದ್ದೆ. ಕೈ ತೆಗೆದಿದ್ದರೆ ಮೀಟರ್ ಸುಮ್ಮನಿರುವುದು ಕಾಣುತ್ತಿತ್ತು.

ನಿನ್ನ ಕಾಗದ ಬರುವವರೆಗೆ ನಾನೂ ಹೆದರಿಕೊಂಡೇ ಕೂತಿದ್ದೆ. ಏಳಕ್ಕೆ ನೀನು ಏನಾದರೂ ಚಂದದ ಹೆಸರು ಬರೆದು ಕಳಿಸಿದ್ದರೆ ಈ ಕೋಣೆಗೆ ಬೀಗ ಹಾಕುವುದು ಅಂತ ಅಮ್ಮಿಗೆ ಹೇಳಿಯೂ ಆಗಿತ್ತು. ಕಟ್ಟು ಬಿಚ್ಚುವಾಗ ಅವಳು ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ನನ್ನ ಮುಖವನ್ನೇ ಓದುತ್ತಿದ್ದಳು. ಆರರ ಮುಂದೆ ಎಂಟು ಕಂಡಾಗ ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ನಾಲ್ಕು ದಿನ ಹೆದರಿಸಿದ್ದಕ್ಕೆ ತಪ್ಪಾಯಿತು ಅನ್ನುವುದಿಲ್ಲ. ನಿನ್ನ ಸುಳ್ಳಿನ ಐದು ದಿನಕ್ಕೆ ಅದು ಇರಲಿ. ಸಿಟ್ಟು ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಅದರ ಜೊತೆ ಕೆಲಸ ಮಾಡಬಹುದು ಅನ್ನಿಸುತ್ತದೆ.

ನಿನ್ನೆ ಅಮ್ಮಿಯ ಹತ್ತು ದನಿಗಳನ್ನು ಮತ್ತೆ ಹಾಕಿದೆ. ಅವಳು ಒಂದೊಂದಕ್ಕೂ ಒಂದು ಬೆರಳು ಮಡಚುತ್ತ ಹೋದಳು, ನಾನು ನನ್ನವಕ್ಕೆ ಮಡಚಿದೆ. ಮೂರು. ಕಡಿಮೆಯಾಗಿಲ್ಲ. ಮುಂದಿನ ತಿಂಗಳು ಮತ್ತೆ ಹೆದರುತ್ತ ಹಾಕುತ್ತೇನೆ, ಅದನ್ನೂ ಬರೆಯುತ್ತೇನೆ.

"ಸತ್ತವು" ಫೋಲ್ಡರಿನ ಹೆಸರು ಅಳಿಸಿ "ಅಂಜನಾ" ಅಂತ ಮಾಡಿದ್ದೇನೆ. ಪೆನ್ ಡ್ರೈವಿನಲ್ಲಿ ಮಾಪಣ್ಣ ತಾತನ ಎರಡನೇ ಪದ ಇದೆ. ತಂಬೂರಿ ಕೂಡಿಸಿದ್ದೇನೆ, ಡೊಳ್ಳು ಕೂಡಿಸಿದ್ದೇನೆ. ಪಲ್ಲವಿ ಮುಗಿದ ಮೇಲೆ ಎಂಟು ಮಾತ್ರೆಯ ಜಾಗ ಬಿಟ್ಟಿದ್ದೇನೆ. ಅಲ್ಲಿ ಮದುಮಗಳ ಗೆಜ್ಜೆ ಹಾಕು. ಎಷ್ಟು ಎತ್ತರ ಇರಬೇಕು ಅನ್ನುವುದನ್ನು ನಿನ್ನ ಕಿವಿಯೇ ಹೇಳಲಿ. ನಾಳೆ ಎರಡು ಗಂಟೆಯ ಬಸ್ಸಿಗೆ ದೌಲಪ್ಪ ಅವರು ಇರುತ್ತಾರೆ, ಅವರ ಕೈಯಲ್ಲೇ ವಾಪಸು ಕಳಿಸು.

ಆಸ್ಫಿ